ವಿದ್ಯಾರ್ಥಿಗಳ ತಯಾರಿಕಾ ಪ್ರಾಜೆಕ್ಟ್ ಸ್ಪರ್ಧೆ: ಮಾದರಿಯಿಂದ ಬಳಕೆಯ ವಸ್ತುವಿನವರೆಗೆ

ಪೋಚಂಪಲ್ಲಿ ಸೀರೆಯ ಚಿತ್ತಾರ ಹುಟ್ಟುವುದು ಮಗ್ಗದ ಮೇಲಲ್ಲ, ಅದಕ್ಕೂ ಮೊದಲೇ ನೂಲಿನಲ್ಲಿ. ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದಿದಾಗ ಕಟ್ಟಿದ ಭಾಗವು ಬಣ್ಣ ಹೀರದೆ ಉಳಿಯುತ್ತದೆ; ನೇಯ್ದ ಮೇಲೆ ಅದೇ ಚಿತ್ತಾರವಾಗಿ ಕಾಣುತ್ತದೆ. ಹೀಗೆ ಕಟ್ಟುವುದಕ್ಕೆ ಮುನ್ನ ನೂಲಿನ ಎಳೆಯನ್ನು ಅರ್ಧವೃತ್ತದಲ್ಲಿ ನಿಲ್ಲಿಸಿದ ಗೂಟಗಳ ಸುತ್ತ ಕ್ರಮವಾಗಿ ಸುತ್ತಬೇಕು. ತೆಲುಗಿನಲ್ಲಿ ಈ ಕೆಲಸಕ್ಕೆ ‘ಆಸು’ ಎಂದು ಹೆಸರು. ನೇಕಾರರ ಮನೆಗಳಲ್ಲಿ ಇದನ್ನು ಬಹುಮಟ್ಟಿಗೆ ಹೆಂಗಸರೇ ಮಾಡುತ್ತ ಬಂದಿದ್ದರು. ಒಂದು ಸೀರೆಗೆ ಸಾಕಾಗುವಷ್ಟು ನೂಲು ಸುತ್ತಲು ಕೈಯನ್ನು ಸುಮಾರು 9,000 ಬಾರಿ ಚಾಚಿ ಹಿಂತೆಗೆಯಬೇಕಾಗುತ್ತಿತ್ತು. ನಾಲ್ಕೈದು ಗಂಟೆ ಹಿಡಿಯುತ್ತಿತ್ತು. ದಿನಕ್ಕೆ ಎರಡು ಸೀರೆಯ ಕೆಲಸ ಮಾಡಿದವರ ತೋಳು ರಾತ್ರಿ ಮೇಲೇಳುತ್ತಿರಲಿಲ್ಲ.

ಹೈದರಾಬಾದಿನಿಂದ ವಾರಂಗಲ್ ಕಡೆಗೆ ಹೋಗುವ ದಾರಿಯಲ್ಲಿರುವ ಆಲೇರಿನ ಚಿಂತಕಿಂದಿ ಮಲ್ಲೇಶಂ ಅವರು ತಮ್ಮ ತಾಯಿ ಲಕ್ಷ್ಮಿಯವರ ಈ ತೋಳುನೋವನ್ನು ಕಂಡೇ ಬೆಳೆದವರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಮಗ್ಗಕ್ಕೆ ಕುಳಿತ ಅವರು 1992ರಲ್ಲಿ ಆಸು ಸುತ್ತುವ ಯಂತ್ರವೊಂದನ್ನು ಮಾಡಲು ತೊಡಗಿದರು. ಯಂತ್ರದ ಒಂದೊಂದು ಚಲನೆ ಕೂಡಿಬಂದಂತೆ ಮತ್ತೊಂದು ತಪ್ಪುತ್ತಿತ್ತು. ಹಣ ಮುಗಿಯಿತು, ಸುತ್ತಲಿನವರು ಹಾಸ್ಯ ಮಾಡಿದರು. ಜೀವನೋಪಾಯಕ್ಕೆ ಹೈದರಾಬಾದಿಗೆ ಬಂದು ಕೆಲಸ ಮಾಡುತ್ತಿದ್ದಾಗ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಓಡುತ್ತಿದ್ದ ಯಂತ್ರದ ಚಲನೆಯನ್ನು ನೋಡಿದೊಡನೆ ತಮ್ಮ ಯಂತ್ರಕ್ಕೆ ಬೇಕಾಗಿದ್ದ ಕೊನೆಯ ಕೊಂಡಿ ಅವರಿಗೆ ಹೊಳೆಯಿತು. 1999ರಲ್ಲಿ ಯಂತ್ರ ಪೂರ್ಣಗೊಂಡಿತು. ತಾಯಿಯ ಹೆಸರನ್ನೇ ಹೊತ್ತು ‘ಲಕ್ಷ್ಮಿ ಆಸು ಯಂತ್ರ’ ಎನಿಸಿತು. ನಾಲ್ಕೈದು ಗಂಟೆಯ ಕೆಲಸ ಒಂದೂವರೆ ಗಂಟೆಗೆ ಇಳಿಯಿತು. ಅಂಥ ನೂರಾರು ಯಂತ್ರಗಳು ನೇಕಾರರ ಮನೆಗಳನ್ನು ಸೇರಿದವು. 2017ರಲ್ಲಿ ಭಾರತ ಸರ್ಕಾರವು ಮಲ್ಲೇಶಂ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಇಂದು ದೇಶದ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳು ತಯಾರಿಕಾ ಪ್ರಾಜೆಕ್ಟ್ ಸ್ಪರ್ಧೆಗಳಲ್ಲಿ ಎದುರಿಸುವ ಪ್ರಶ್ನೆಗಳೆಲ್ಲವೂ ಈ ಒಂದು ವೃತ್ತಾಂತದಲ್ಲಿ ಅಡಗಿವೆ. ಯಾರ ಯಾವ ಕಷ್ಟಕ್ಕಾಗಿ ಈ ವಸ್ತು? ಅದು ಕೆಲಸ ಮಾಡುವುದೆ? ಒಂದನ್ನು ಮಾಡಿದವರು ಅಂಥ ನೂರನ್ನು ಮಾಡಬಲ್ಲರೆ? ಬಳಸುವವರಿಗೆ ಅದರ ಬೆಲೆ ಎಟುಕುವುದೆ? ಮಲ್ಲೇಶಂ ಅವರು ಏಳು ವರ್ಷಗಳಲ್ಲಿ ಕಂಡುಕೊಂಡ ಉತ್ತರಗಳನ್ನು ವಿದ್ಯಾರ್ಥಿಗಳು ಒಂದೆರಡು ಷಣ್ಮಾಸಗಳಲ್ಲಿ ಕಂಡುಕೊಳ್ಳಬೇಕಾಗಿದೆ. ಆದುದರಿಂದಲೇ ಇಂತಹ ಸ್ಪರ್ಧೆಗಳ ಸ್ವರೂಪವನ್ನೂ ಅವುಗಳ ಹಿಂದಿನ ಶಾಸ್ತ್ರವನ್ನೂ ವಿದ್ಯಾರ್ಥಿಗಳು ಮಾತ್ರವಲ್ಲದೆ ಅವರ ಪೋಷಕರೂ ತಿಳಿದಿರುವುದು ಒಳಿತು.

ಸ್ಪರ್ಧೆಗಳ ಸ್ವರೂಪ

ತಯಾರಿಕಾ ಪ್ರಾಜೆಕ್ಟ್ ಸ್ಪರ್ಧೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟನ್ನೇ ಆಧರಿಸಿದ ಸ್ಪರ್ಧೆ. ಈ ದಿಸೆಯಲ್ಲಿ ಕರ್ನಾಟಕ ಬಹು ಮುಂಚೆಯೇ ಹೆಜ್ಜೆಯಿಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1970ರ ದಶಕದ ಉತ್ತರಾರ್ಧದಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ನಡೆಸುತ್ತ ಬಂದಿದೆ. ಆಯ್ಕೆಯಾದ ಪ್ರಾಜೆಕ್ಟುಗಳಿಗೆ ಧನಸಹಾಯ ದೊರೆಯುತ್ತದೆ. ತಜ್ಞರು ಅವುಗಳ ಪ್ರಗತಿಯನ್ನು ಪರಿಶೀಲಿಸುತ್ತಾರೆ. ಉತ್ತಮವಾದವು ರಾಜ್ಯಮಟ್ಟದ ವಿಚಾರ ಸಂಕಿರಣ ಮತ್ತು ಪ್ರದರ್ಶನದಲ್ಲಿ ಬಹುಮಾನಕ್ಕೆ ಸ್ಪರ್ಧಿಸುತ್ತವೆ.

ಎರಡನೆಯದು, ಮೊದಲೇ ಕೊಟ್ಟ ಸಮಸ್ಯೆಗೆ ಪರಿಹಾರ ಹುಡುಕುವ ಸ್ಪರ್ಧೆ. 2017ರಲ್ಲಿ ಆರಂಭವಾದ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಈ ಬಗೆಯದು. ಕೇಂದ್ರದ ಸಚಿವಾಲಯಗಳು, ರಾಜ್ಯ ಸರ್ಕಾರಗಳು, ಉದ್ಯಮಗಳು ತಮ್ಮ ಎದುರಿಗಿರುವ ಸಮಸ್ಯೆಗಳನ್ನು ಪ್ರಕಟಿಸುತ್ತವೆ. ಆರು ವಿದ್ಯಾರ್ಥಿಗಳ ತಂಡ ಅವುಗಳಲ್ಲೊಂದನ್ನು ಆರಿಸಿಕೊಳ್ಳುತ್ತದೆ. ತಂಡದಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಲೇಬೇಕೆಂಬ ನಿಯಮವಿದೆ. ಮೊದಲ ಸುತ್ತು ಕಾಲೇಜಿನಲ್ಲಿಯೇ ನಡೆಯುತ್ತದೆ. ಅಂತಿಮ ಸುತ್ತು ದೇಶದ ಹಲವು ಕೇಂದ್ರಗಳಲ್ಲಿ ಏಕಕಾಲಕ್ಕೆ ಜರುಗುತ್ತದೆ. ತಂತ್ರಾಂಶ ವಿಭಾಗದವರಿಗೆ ಎಡೆಬಿಡದ 36 ಗಂಟೆಗಳ ಅವಧಿ. 2018ರಲ್ಲಿ ಸೇರಿದ ಯಂತ್ರಾಂಶ ವಿಭಾಗದವರಿಗೆ ಹಲವು ದಿನಗಳ ಅವಕಾಶ. ಏಕೆಂದರೆ ಲೋಹ ಕತ್ತರಿಸಲು, ಬೆಸುಗೆ ಹಾಕಲು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಜೋಡಿಸಲು ಕಾಲ ಬೇಕು.

ಮೂರನೆಯದು, ನಿಯಮಾವಳಿಗೆ ಅನುಗುಣವಾಗಿ ಪೂರ್ಣ ವಾಹನವನ್ನೋ ಯಂತ್ರವನ್ನೋ ತಯಾರಿಸಿ ತರುವ ಸ್ಪರ್ಧೆ. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿ 2007ರಲ್ಲಿ ಭಾರತಕ್ಕೆ ಬಂದ ‘ಬಾಹಾ’ ಸ್ಪರ್ಧೆಯಲ್ಲಿ ಪ್ರತಿ ತಂಡವೂ ಒಬ್ಬರೇ ಕುಳಿತು ಓಡಿಸುವ, ಕಲ್ಲುಮಣ್ಣಿನ ದಾರಿಯಲ್ಲಿ ಸಾಗಬಲ್ಲ ವಾಹನವನ್ನು ಕಟ್ಟುತ್ತದೆ. ಇದರ ಮುಖ್ಯ ನೆಲೆ ಮಧ್ಯಪ್ರದೇಶದ ಪೀತಂಪುರ. ಇತ್ತೀಚಿನ ವರ್ಷಗಳಲ್ಲಿ ಕೆಲವು ಹಂತಗಳು ಹೈದರಾಬಾದಿಗೆ ಸಮೀಪದ ನರಸಾಪುರದ ಇಂಜಿನಿಯರಿಂಗ್ ಕಾಲೇಜೊಂದರ ಆವರಣದಲ್ಲಿಯೂ ನಡೆದಿವೆ. ವಾಹನದ ವೇಗ, ದಿಬ್ಬ ಏರುವ ಶಕ್ತಿ, ದೀರ್ಘ ಓಟದಲ್ಲಿ ಅದರ ತಾಳಿಕೆ ಮಾತ್ರವೇ ಇಲ್ಲಿ ಪರೀಕ್ಷೆಯಾಗುವುದಿಲ್ಲ. ವಿನ್ಯಾಸದ ಸಮರ್ಥನೆ, ತಯಾರಿಕೆಯ ವೆಚ್ಚದ ವರದಿ, ಮಾರಾಟದ ಯೋಜನೆ ಇವುಗಳಿಗೂ ಅಂಕಗಳಿವೆ. ಜಾಗತಿಕ ಮಟ್ಟದ ವರ್ಲ್ಡ್ ಸ್ಕಿಲ್ಸ್ ಸ್ಪರ್ಧೆಯಲ್ಲಿಯೂ ಹಿಂದೆ ‘ತಯಾರಿಕಾ ತಂಡ ಸ್ಪರ್ಧೆ’ ಎಂಬ ವಿಭಾಗವಿದ್ದು, ತಂಡವು ವಿನ್ಯಾಸದಿಂದ ಜೋಡಣೆಯವರೆಗಿನ ಕೆಲಸವನ್ನು ಮಾಡಿ ತೋರಿಸಬೇಕಾಗುತ್ತಿತ್ತು.

ಹೈದರಾಬಾದಿನ ನೆಲೆ

ಇಂತಹ ಪ್ರಯತ್ನಗಳಿಗೆ ಹೈದರಾಬಾದ್ ಒಳ್ಳೆಯ ನೆಲೆಯಾಗಿರುವುದು ಆಕಸ್ಮಿಕವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಇಲ್ಲಿ ಲೋಹ ಕೈಗಾರಿಕೆ ಬೇರೂರಿತು. ಯಂತ್ರೋಪಕರಣಗಳನ್ನು ತಯಾರಿಸುವ ಪ್ರಾಗಾ ಟೂಲ್ಸ್ 1943ರಲ್ಲಿ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ ರಾಮಚಂದ್ರಾಪುರದಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಕಾರ್ಖಾನೆ ಎದ್ದಿತು. 1967ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, 1970ರಲ್ಲಿ ಭಾರತ್ ಡೈನಾಮಿಕ್ಸ್, 1973ರಲ್ಲಿ ವಿಶೇಷ ಮಿಶ್ರಲೋಹಗಳನ್ನು ತಯಾರಿಸುವ ಮಿಧಾನಿ ಸಂಸ್ಥೆಗಳು ಸ್ಥಾಪನೆಯಾದವು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣ ಸಣ್ಣ ವರ್ಕ್‌ಷಾಪುಗಳು ಬಾಲಾನಗರದ ಸುತ್ತ ಸಾಲುಗಟ್ಟಿದವು.

ಅದೇ ಬಾಲಾನಗರದಲ್ಲಿ 1968ರಲ್ಲಿ ಭಾರತ ಸರ್ಕಾರವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೆರವಿನಿಂದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯನ್ನು ಸ್ಥಾಪಿಸಿತು. ಅಚ್ಚು, ಡೈ, ಜಿಗ್, ಫಿಕ್ಸ್ಚರ್ ಇವುಗಳ ವಿನ್ಯಾಸ ಮತ್ತು ತಯಾರಿಕೆಯಲ್ಲಿ ಇದು ಯುವಜನರಿಗೆ ತರಬೇತಿ ನೀಡುತ್ತಿದೆ. ಮಾರ್ಚ್ 2023ರಲ್ಲಿ ನಗರದ ರಾಯದುರ್ಗದಲ್ಲಿ ಆರಂಭವಾದ ‘ಟಿ-ವರ್ಕ್ಸ್’ ಕೇಂದ್ರವು 78,000 ಚದರ ಅಡಿಗಳ ವಿಸ್ತಾರದಲ್ಲಿ ಮಾದರಿ ತಯಾರಿಕೆಗೆ ಬೇಕಾದ ಯಂತ್ರಗಳನ್ನು ಒಂದೇ ಸೂರಿನಡಿ ಒದಗಿಸುತ್ತದೆ.

ಕನ್ನಡಿಗರಿಗೂ ಈ ನಗರ ಹೊಸದೇನಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ 1929ರ ಅದರ ಇಂಜಿನಿಯರಿಂಗ್ ಕಾಲೇಜೂ ಆ ಭಾಗದವರ ಉನ್ನತ ಶಿಕ್ಷಣದ ಕೇಂದ್ರಗಳಾಗಿದ್ದವು. 1958ರಲ್ಲಿ ಕಲಬುರಗಿಯಲ್ಲಿಯೇ ಇಂಜಿನಿಯರಿಂಗ್ ಕಾಲೇಜು ಆರಂಭವಾದ ಮೇಲೂ ಈ ಸಂಬಂಧ ಕಡಿದುಹೋಗಲಿಲ್ಲ.

ಯಂತ್ರಶಾಸ್ತ್ರದ ತಿಳಿವಳಿಕೆ ಜನರ ನೋವಿಗೆ ಹೇಗೆ ಒದಗಬಲ್ಲದು ಎಂಬುದಕ್ಕೆ ಈ ನಗರದ ಮತ್ತೊಂದು ನಿದರ್ಶನವನ್ನು ನೆನೆಯಬಹುದು. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಹೈದರಾಬಾದಿನ ಕ್ಷಿಪಣಿ ಪ್ರಯೋಗಾಲಯದಲ್ಲಿದ್ದಾಗ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಭೇಟಿಯಿತ್ತರು. ಅಲ್ಲಿ ಪೋಲಿಯೋಪೀಡಿತ ಮಕ್ಕಳು ಮೂರು ಕಿಲೋಗ್ರಾಮಿಗೂ ಹೆಚ್ಚು ತೂಕದ ಲೋಹದ ಆಧಾರಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ನಡೆಯುತ್ತಿದ್ದುದನ್ನು ಕಂಡರು. ಕ್ಷಿಪಣಿಗಾಗಿ ರೂಪಿಸಿದ ಹಗುರವಾದ ಸಂಯುಕ್ತ ವಸ್ತುವಿನಿಂದ ಅವರ ತಂಡ ಸುಮಾರು 300 ಗ್ರಾಂ ತೂಕದ ಪಟ್ಟಿಗಳನ್ನು ಮಾಡಿಕೊಟ್ಟಿತು. ಹೊಸ ವಸ್ತುವನ್ನು ಕಂಡುಹಿಡಿಯುವ ಅಗತ್ಯ ಅಲ್ಲಿ ಇರಲಿಲ್ಲ. ಇದ್ದ ವಸ್ತುವಿಗೂ ಇದ್ದ ಕಷ್ಟಕ್ಕೂ ನಡುವಣ ನಂಟನ್ನು ಕಾಣುವ ಕಣ್ಣು ಬೇಕಾಗಿತ್ತು.

ಸಮಸ್ಯೆಯ ಆಯ್ಕೆ

ಸ್ಪರ್ಧೆಯಲ್ಲಿ ಸೋಲುವ ಬಹುಪಾಲು ತಂಡಗಳು ಯಂತ್ರವನ್ನು ಮೊದಲು ಆರಿಸಿಕೊಂಡು, ಅದು ಬಗೆಹರಿಸುವ ಸಮಸ್ಯೆಯನ್ನು ಆಮೇಲೆ ಹುಡುಕುತ್ತವೆ. ಕ್ರಮ ಇದಕ್ಕೆ ವ್ಯತಿರಿಕ್ತವಾಗಿರಬೇಕು. ನಿದರ್ಶನಕ್ಕಾಗಿ, ಕಲಬುರಗಿ ಸೀಮೆಯ ತೊಗರಿಯನ್ನು ಮನೆಮಟ್ಟದಲ್ಲಿ ಬೇಳೆ ಮಾಡುವ ಪುಟ್ಟ ಯಂತ್ರವನ್ನು ತಯಾರಿಸಲು ಒಂದು ತಂಡ ಹೊರಟಿದೆ ಎಂದು ಭಾವಿಸಬಹುದು.

ತಂಡದ ಮೊದಲ ಕೆಲಸ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದಲ್ಲ. ಬೇಳೆ ಮಾಡುವವರ ಮನೆಗೆ ಹೋಗಿ ನೋಡುವುದು. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನ ಪದರದಿಂದ ಬಿಗಿಯಾಗಿ ಹತ್ತಿಕೊಂಡಿರುತ್ತದೆ. ಅದಕ್ಕಾಗಿಯೇ ಕಾಳಿಗೆ ಎಣ್ಣೆ ಸವರುವುದು, ನೀರಿನಲ್ಲಿ ನೆನೆಸುವುದು, ಬಿಸಿಲಿನಲ್ಲಿ ಒಣಗಿಸುವುದು ಮೊದಲಾದ ಪದ್ಧತಿಗಳು ರೂಢಿಯಲ್ಲಿವೆ. ಸಿಪ್ಪೆ ಸರಿಯಾಗಿ ಸಡಿಲಗೊಳ್ಳದಿದ್ದರೆ ಬೀಸುವಾಗ ಕಾಳು ನುಚ್ಚಾಗುತ್ತದೆ, ನುಚ್ಚಿಗೆ ಬೆಲೆಯಿಲ್ಲ. ಹೀಗಾಗಿ ನಿಜವಾದ ಸಮಸ್ಯೆ ‘ಬೇಗ ಬೀಸುವುದು’ ಅಲ್ಲ, ‘ನುಚ್ಚು ಕಡಿಮೆ ಮಾಡುವುದು’ ಎಂಬ ಅರಿವು ಮೂಡುತ್ತದೆ. ಈ ಒಂದು ಅರಿವು ವಿನ್ಯಾಸದ ದಿಕ್ಕನ್ನೇ ಬದಲಿಸುತ್ತದೆ.

ಎರಡನೆಯ ಕೆಲಸ, ಈಗಾಗಲೇ ಏನಾಗಿದೆ ಎಂಬುದರ ಪರಿಶೀಲನೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಪುಟ್ಟ ಬೇಳೆ ಗಿರಣಿಯನ್ನು ಹಿಂದೆಯೇ ರೂಪಿಸಿದೆ. ಅದನ್ನು ಅರಿಯದೆ ಅದನ್ನೇ ಮತ್ತೆ ಮಾಡಿ ‘ಹೊಸ ಶೋಧ’ ಎಂದು ಮಂಡಿಸಿದರೆ ತೀರ್ಪುಗಾರರ ಮೊದಲ ಪ್ರಶ್ನೆಗೇ ತಂಡ ತಡವರಿಸಬೇಕಾಗುತ್ತದೆ. ಇದ್ದುದನ್ನು ಒಪ್ಪಿಕೊಂಡು, ಅದರಲ್ಲಿ ಯಾವ ಅಂಶವನ್ನು ಸುಧಾರಿಸಲಾಗಿದೆ ಎಂದು ಸ್ಪಷ್ಟವಾಗಿ ಹೇಳುವುದು ಗೌರವದ ದಾರಿ.

ಅಳತೆಯ ಶಿಸ್ತು

ಒಂದು ಯಂತ್ರವನ್ನು ಮಾಡುವಾಗ ಕುಶಲಿಯಾದವನು ಭಾಗಗಳನ್ನು ಒಂದಕ್ಕೊಂದು ಉಜ್ಜಿ, ಅರದಿಂದ ತೀಡಿ ಕೂಡಿಸಬಲ್ಲ. ನೂರು ಯಂತ್ರಗಳನ್ನು ಮಾಡುವಾಗ ಇದು ಸಾಧ್ಯವಿಲ್ಲ. ಯಾವ ಪೆಟ್ಟಿಗೆಯಿಂದ ತೆಗೆದ ಯಾವ ಶಾಫ್ಟ್ ಆದರೂ ಯಾವ ಬುಷ್ಷಿನಲ್ಲಾದರೂ ಸರಿಯಾಗಿ ಕೂಡಬೇಕು. ಇದನ್ನೇ ಬಿಡಿಭಾಗಗಳ ಅದಲುಬದಲು ಸಾಮರ್ಥ್ಯ ಎನ್ನುವರು. ಆಧುನಿಕ ತಯಾರಿಕೆಯ ಬುನಾದಿ ಇದು.

ಬೇಳೆ ಯಂತ್ರದಲ್ಲಿ ಉರುಳೆಗಳ ನಡುವಣ ಸಂದನ್ನು ಹೊಂದಿಸುವ 20 ಮಿಲಿಮೀಟರ್ ವ್ಯಾಸದ ಒಂದು ಕೀಲುಕಂಬಿ ಬುಷ್ಷಿನೊಳಗೆ ಸಲೀಸಾಗಿ ತಿರುಗಬೇಕಾಗಿದೆ ಎನ್ನೋಣ. ‘20 ಮಿ.ಮೀ.’ ಎಂದಷ್ಟೇ ನಕ್ಷೆಯಲ್ಲಿ ಬರೆದರೆ ಸಾಲದು. ನಿಖರವಾಗಿ 20 ಮಿ.ಮೀ. ಅಳತೆಯ ವಸ್ತುವನ್ನು ಯಾವ ಲೇತಿನಲ್ಲಿಯೂ ಪದೇ ಪದೇ ಮಾಡಲಾಗದು. ಎಷ್ಟು ಹೆಚ್ಚುಕಡಿಮೆಯಾದರೆ ಸಹ್ಯ ಎಂಬುದನ್ನು ನಿಗದಿಪಡಿಸಬೇಕು. ಅಂತರರಾಷ್ಟ್ರೀಯ ಮಾನಕದ ಒಂದು ರೂಢಿಯ ಜೋಡಣೆಯಂತೆ ರಂಧ್ರವು 20.000ರಿಂದ 20.021 ಮಿ.ಮೀ.ವರೆಗೂ, ಕಂಬಿಯು 19.980ರಿಂದ 19.993 ಮಿ.ಮೀ.ವರೆಗೂ ಇರಬಹುದು. ಅತಿ ಚಿಕ್ಕ ರಂಧ್ರಕ್ಕೆ ಅತಿ ದಪ್ಪ ಕಂಬಿ ಬಂದರೂ 0.007 ಮಿ.ಮೀ. ಸಂದು ಉಳಿಯುತ್ತದೆ, ಅತಿ ದೊಡ್ಡ ರಂಧ್ರಕ್ಕೆ ಅತಿ ಸಣ್ಣ ಕಂಬಿ ಬಂದರೂ ಸಂದು 0.041 ಮಿ.ಮೀ. ಮೀರುವುದಿಲ್ಲ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ ಇದಕ್ಕಿಂತಲೂ ಹೆಚ್ಚು.

ಎಲ್ಲ ಭಾಗಗಳಿಗೂ ಇಷ್ಟು ಬಿಗಿಯಾದ ಅಳತೆ ಬೇಕೆ? ಬೇಡ. ಸಹ್ಯಮಿತಿ ಬಿಗಿಯಾದಷ್ಟೂ ತಯಾರಿಕೆಯ ಖರ್ಚು ಏರುತ್ತದೆ. ಕಾಳು ಸುರಿಯುವ ತಗಡಿನ ಬಾಯಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಕೆಡುವುದೇನೂ ಇಲ್ಲ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಕಾರಣಸಹಿತ ಹೇಳಬಲ್ಲ ವಿದ್ಯಾರ್ಥಿಯೇ ತಯಾರಿಕಾ ಶಾಸ್ತ್ರವನ್ನು ಅರಿತವನು. ನಕ್ಷೆಯಲ್ಲಿ ಎಲ್ಲೆಡೆಯೂ ಮೂರು ದಶಮಾಂಶಗಳನ್ನು ಬರೆದವನು ಅಳತೆಯನ್ನು ಕಲಿತಿರಬಹುದು, ವಿವೇಚನೆಯನ್ನಲ್ಲ.

ವೆಚ್ಚದ ಲೆಕ್ಕ

ಬೇಳೆ ಯಂತ್ರಕ್ಕೆ ಪ್ಲಾಸ್ಟಿಕ್ಕಿನ ಒಂದು ಮುಚ್ಚಳ ಬೇಕು. ಅದನ್ನು ಎರಡು ವಿಧದಲ್ಲಿ ಮಾಡಬಹುದು. ತ್ರಿಮಿತಿ ಮುದ್ರಣ ಯಂತ್ರದಲ್ಲಿ ಪದರ ಪದರವಾಗಿ ಮುದ್ರಿಸುವುದು ಒಂದು. ಉಕ್ಕಿನ ಅಚ್ಚು ಮಾಡಿಸಿ ಕರಗಿದ ಪ್ಲಾಸ್ಟಿಕನ್ನು ಒತ್ತಡದಿಂದ ತುಂಬುವುದು ಇನ್ನೊಂದು. ಲೆಕ್ಕಕ್ಕಾಗಿ, ಮುದ್ರಣದ ಖರ್ಚು ಮುಚ್ಚಳವೊಂದಕ್ಕೆ 250 ರೂಪಾಯಿ ಎಂದೂ, ಅಚ್ಚಿನ ಖರ್ಚು 2,00,000 ರೂಪಾಯಿ ಎಂದೂ, ಅಚ್ಚಿನಿಂದ ತೆಗೆದ ಮುಚ್ಚಳಕ್ಕೆ 10 ರೂಪಾಯಿ ಎಂದೂ ಇಟ್ಟುಕೊಳ್ಳಬಹುದು.

ನೂರು ಮುಚ್ಚಳ ಸಾಕೆಂದರೆ ಮುದ್ರಣಕ್ಕೆ 25,000 ರೂಪಾಯಿ, ಅಚ್ಚಿನ ವಿಧಾನಕ್ಕೆ 2,01,000 ರೂಪಾಯಿ ಆಗುತ್ತದೆ. ಆಗ ಮುದ್ರಣವೇ ಲೇಸು. ಹತ್ತು ಸಾವಿರ ಬೇಕೆಂದರೆ ಮುದ್ರಣಕ್ಕೆ 25 ಲಕ್ಷ ರೂಪಾಯಿ, ಅಚ್ಚಿನ ವಿಧಾನಕ್ಕೆ 3 ಲಕ್ಷ ರೂಪಾಯಿ. ಎರಡೂ ಸಮವಾಗುವ ಸಂಖ್ಯೆಯನ್ನು ಕಾಣಲು ಅಚ್ಚಿನ ಖರ್ಚನ್ನು ಮುಚ್ಚಳವೊಂದರ ಮೇಲಿನ ಉಳಿತಾಯದಿಂದ, ಅಂದರೆ 240 ರೂಪಾಯಿಯಿಂದ, ಭಾಗಿಸಬೇಕು. ಸುಮಾರು 833 ಬರುತ್ತದೆ. 834ನೆಯ ಮುಚ್ಚಳದಿಂದ ಅಚ್ಚು ಲಾಭಕರ.

ಈ ಸರಳ ಗಣಿತವನ್ನು ಮಾಡದೆಯೇ ಸ್ಪರ್ಧೆಗೆ ಬರುವ ತಂಡಗಳು ಕಡಿಮೆಯೇನಲ್ಲ. ‘ನಮ್ಮ ಯಂತ್ರದ ಬೆಲೆ ಐದು ಸಾವಿರ’ ಎಂದು ಹೇಳುವ ತಂಡ ಬಿಡಿಭಾಗಗಳ ಖರೀದಿಯನ್ನಷ್ಟೇ ಕೂಡಿಸಿರುತ್ತದೆ. ಕೆಲಸಗಾರರ ಕೂಲಿ, ಯಂತ್ರದ ಬಾಡಿಗೆ, ವಿದ್ಯುತ್ತು, ಕೆಟ್ಟುಹೋದ ಭಾಗಗಳ ನಷ್ಟ, ಸಾಗಣೆ, ತೆರಿಗೆ, ಮಾರಾಟಗಾರನ ಪಾಲು ಇವನ್ನೆಲ್ಲ ಸೇರಿಸಿದಾಗ ಬರುವ ಬೆಲೆಯೇ ಬೇರೆ. ಬಳಸುವವರಿಗೆ ಎಟುಕದ ಬೆಲೆಯ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಪ್ರದರ್ಶನದ ಮೇಜಿನಿಂದ ಕೆಳಗಿಳಿಯುವುದಿಲ್ಲ.

ತಾಳಿಕೆಯ ಪರೀಕ್ಷೆ

ಬೇಳೆ ಯಂತ್ರದಲ್ಲಿ ಇಪ್ಪತ್ತು ಮುಖ್ಯ ಭಾಗಗಳಿವೆ; ಪ್ರತಿಯೊಂದು ಭಾಗವೂ ನೂರಕ್ಕೆ ತೊಂಬತ್ತೊಂಬತ್ತು ಸಲ ದೋಷರಹಿತವಾಗಿ ಬರುತ್ತದೆ ಎಂದು ಭಾವಿಸಿದರೆ ನೂರು ಯಂತ್ರಗಳಲ್ಲಿ ಎಷ್ಟು ಸರಿಯಾಗಿರುತ್ತವೆ? ತೊಂಬತ್ತೊಂಬತ್ತು ಎಂದು ಅನೇಕರು ಹೇಳಿಯಾರು. ಆದರೆ ಇಪ್ಪತ್ತು ಭಾಗಗಳೂ ಏಕಕಾಲಕ್ಕೆ ಸರಿಯಿರಬೇಕಾದ್ದರಿಂದ 0.99ನ್ನು ಇಪ್ಪತ್ತು ಬಾರಿ ಗುಣಿಸಬೇಕು. ಉತ್ತರ ಸುಮಾರು 0.82. ಅಂದರೆ ನೂರರಲ್ಲಿ ಹದಿನೆಂಟು ಯಂತ್ರಗಳು ಒಂದಲ್ಲ ಒಂದು ದೋಷದಿಂದ ಕೂಡಿರುತ್ತವೆ. ಭಾಗವೊಂದರ ದೋಷವನ್ನು ಸಾವಿರಕ್ಕೆ ಒಂದರಷ್ಟು ಇಳಿಸಿದರೆ ಮಾತ್ರ ನೂರರಲ್ಲಿ ತೊಂಬತ್ತೆಂಟು ಯಂತ್ರಗಳು ಸರಿಯಾಗಿ ಹೊರಬರುತ್ತವೆ. ಭಾಗಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಇನ್ನೊಂದು ದಾರಿ. ಸರಳವಾದ ವಿನ್ಯಾಸಕ್ಕೆ ಇಂಜಿನಿಯರುಗಳು ಕೊಡುವ ಮನ್ನಣೆಗೆ ಇದೇ ಕಾರಣ.

ಆದ್ದರಿಂದ ‘ಒಮ್ಮೆ ಓಡಿತು’ ಎಂಬುದು ಪುರಾವೆಯಲ್ಲ. ಎಷ್ಟು ಕಿಲೋ ತೊಗರಿ ಬೀಸಲಾಯಿತು, ಎಷ್ಟು ನುಚ್ಚಾಯಿತು, ಕಾಳಿನ ತೇವ ಎಷ್ಟಿತ್ತು, ಉರುಳೆ ಎಷ್ಟು ಸವೆಯಿತು ಎಂಬುದನ್ನು ದಿನಾಂಕಸಹಿತ ದಾಖಲಿಸಬೇಕು. ವಿಫಲವಾದ ಪ್ರಯೋಗಗಳನ್ನು ಮುಚ್ಚಿಡಬಾರದು. ತಪ್ಪು ಎಲ್ಲಾಯಿತು, ಏಕಾಯಿತು, ಹೇಗೆ ತಿದ್ದಲಾಯಿತು ಎಂಬ ಟಿಪ್ಪಣಿಗಳಿರುವ ಪುಸ್ತಕವು ಹೊಳೆಯುವ ಬಣ್ಣ ಬಳಿದ ಮಾದರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಸಿದ್ಧ ಪ್ರಾಜೆಕ್ಟುಗಳ ಪಿಡುಗು

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳದೆ ವಿಧಿಯಿಲ್ಲ. ದೇಶದ ಅನೇಕ ನಗರಗಳಲ್ಲಿ ವಿದ್ಯಾರ್ಥಿಗಳಿಗೆ ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳಿವೆ. ಹಣ ಕೊಟ್ಟರೆ ಮಾದರಿ, ವರದಿ, ಕೊನೆಗೆ ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಕೂಡ ದೊರೆಯುತ್ತದೆ. ಪೋಷಕರು ಶುಲ್ಕದ ಭಾಗವೆಂದೇ ಬಗೆದು ಆ ಹಣವನ್ನು ಕೊಡುವುದುಂಟು.

ಇದರಿಂದ ಆಗುವ ನಷ್ಟ ಅಂಕಗಳದ್ದಲ್ಲ. ನಾಲ್ಕು ವರ್ಷಗಳ ಇಂಜಿನಿಯರಿಂಗ್ ವಿದ್ಯಾಭ್ಯಾಸದಲ್ಲಿ ವಿದ್ಯಾರ್ಥಿಯು ಪುಸ್ತಕದಿಂದ ಎದ್ದು ಲೋಹವನ್ನು ಮುಟ್ಟುವ ಸಂದರ್ಭಗಳು ಮೊದಲೇ ವಿರಳ. ಪ್ರಾಜೆಕ್ಟು ಅವುಗಳಲ್ಲಿ ಬಹು ಮುಖ್ಯವಾದುದು. ಅದನ್ನೂ ಕೊಂಡು ತಂದವನು ತನ್ನ ಕೈಗೆ ಬರಬೇಕಾಗಿದ್ದ ವಿದ್ಯೆಯನ್ನು ತಾನೇ ಮಾರಿಕೊಂಡಂತೆ. ಸ್ಪರ್ಧೆಗಳ ನಿಜವಾದ ಉಪಯೋಗ ಇಲ್ಲಿದೆ. ತೀರ್ಪುಗಾರರ ಎದುರು ಒಂದು ಭಾಗವನ್ನು ಬಿಚ್ಚಿ ಮತ್ತೆ ಜೋಡಿಸೆಂದಾಗ, ಈ ಬೋಲ್ಟು ಏಕೆ ಇಷ್ಟೇ ದಪ್ಪ ಎಂದು ಕೇಳಿದಾಗ, ಕೊಂಡು ತಂದವನೂ ತಾನೇ ಮಾಡಿದವನೂ ಕ್ಷಣಾರ್ಧದಲ್ಲಿ ಬೇರೆ ಬೇರೆಯಾಗಿ ಕಾಣುತ್ತಾರೆ. ಬಾಹಾದಂತಹ ಸ್ಪರ್ಧೆಯಲ್ಲಿ ದೀರ್ಘ ಓಟದ ನಡುವೆ ಮುರಿದ ಭಾಗವನ್ನು ದುರಸ್ತಿ ಮಾಡಬೇಕಾದವರು ವಿದ್ಯಾರ್ಥಿಗಳೇ. ಅಂಗಡಿಯವನು ಅಲ್ಲಿಗೆ ಬರುವುದಿಲ್ಲ.

ಪ್ರದರ್ಶನಕ್ಕೆ ಮುನ್ನ ಪೇಟೆಂಟು

ಉತ್ಸಾಹದ ಭರದಲ್ಲಿ ವಿದ್ಯಾರ್ಥಿಗಳು ಮರೆಯುವ ಒಂದು ಕಾನೂನಿನ ಅಂಶವಿದೆ. 1970ರ ಭಾರತೀಯ ಪೇಟೆಂಟ್ ಅಧಿನಿಯಮದ ಪ್ರಕಾರ ಪೇಟೆಂಟು ದೊರೆಯಬೇಕಾದರೆ ಶೋಧವು ಹೊಸದಾಗಿರಬೇಕು. ಅರ್ಜಿ ಸಲ್ಲಿಸುವ ಮೊದಲೇ ಅದರ ಗುಟ್ಟು ಸಾರ್ವಜನಿಕವಾಗಿ ಬಯಲಾದರೆ ಈ ಹೊಸತನ ನಷ್ಟವಾಗುವ ಸಂಭವವಿದೆ. ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಹನ್ನೆರಡು ತಿಂಗಳ ವಿನಾಯಿತಿ ಇದೆಯಾದರೂ ಕಾಲೇಜಿನ ಎಲ್ಲ ಸ್ಪರ್ಧೆಗಳೂ ಆ ವರ್ಗಕ್ಕೆ ಸೇರುವುದಿಲ್ಲ.

ಆದಕಾರಣ ಶೋಧದಲ್ಲಿ ಹುರುಳಿದೆ ಎನಿಸಿದರೆ ಸ್ಪರ್ಧೆಗೆ ಮೊದಲೇ ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಸಲ್ಲಿಸುವುದು ಜಾಣತನ. ಅಲ್ಲಿಂದ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆಯನ್ನು ಸಲ್ಲಿಸಬೇಕು. ಪೇಟೆಂಟು ಮಂಜೂರಾದರೆ ಅರ್ಜಿಯ ದಿನಾಂಕದಿಂದ 20 ವರ್ಷಗಳ ಕಾಲ ಹಕ್ಕು ಉಳಿಯುತ್ತದೆ. 2021ರಲ್ಲಿ ತಿದ್ದಿದ ನಿಯಮಗಳಂತೆ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡ 80ರಷ್ಟು ರಿಯಾಯಿತಿ ಲಭಿಸಿದೆ. ತಂಡದ ಸದಸ್ಯರು, ಮಾರ್ಗದರ್ಶಕರು ಮತ್ತು ಕಾಲೇಜು ಇವರ ನಡುವೆ ಹಕ್ಕಿನ ಹಂಚಿಕೆ ಹೇಗೆಂಬುದನ್ನು ಆರಂಭದಲ್ಲಿಯೇ ಬರಹದಲ್ಲಿ ಇಟ್ಟುಕೊಂಡರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಬಹುಮಾನದ ನಂತರ

ಸ್ಪರ್ಧೆ ಮುಗಿದು ಪ್ರಮಾಣಪತ್ರ ಗೋಡೆಗೆ ಏರಿದ ಮೇಲೆ ಬಹುತೇಕ ಮಾದರಿಗಳು ಕಾಲೇಜಿನ ಮೂಲೆ ಸೇರುತ್ತವೆ. ತಂಡದವರು ಉದ್ಯೋಗ ಹಿಡಿದು ಚದುರುತ್ತಾರೆ. ಈ ಅಪವ್ಯಯವನ್ನು ತಡೆಯುವ ದಿಸೆಯಲ್ಲಿ ಕೆಲವು ಕ್ರಮಗಳು ಜಾರಿಗೆ ಬಂದಿವೆ. 2022ರಲ್ಲಿ ಕೇಂದ್ರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯವು ಹೊಸ ಕಲ್ಪನೆಗಳನ್ನು ಪೋಷಿಸುವ ಯೋಜನೆಯೊಂದನ್ನು ಪ್ರಕಟಿಸಿ, ಆಯ್ಕೆಯಾದ ಕಲ್ಪನೆಯೊಂದಕ್ಕೆ 15 ಲಕ್ಷ ರೂಪಾಯಿಗಳವರೆಗೆ ನೆರವಿನ ಅವಕಾಶ ಕಲ್ಪಿಸಿತು. ಹಿರಿಯ ತಂಡ ಬಿಟ್ಟುಹೋದ ಮಾದರಿಯನ್ನು ಕಿರಿಯ ತಂಡ ಮುಂದುವರಿಸುವ ಪದ್ಧತಿಯನ್ನು ಕಾಲೇಜುಗಳೇ ರೂಢಿಗೆ ತಂದರೆ ಹೆಚ್ಚಿನ ಖರ್ಚಿಲ್ಲದೆ ಇದೇ ಫಲವನ್ನು ಪಡೆಯಬಹುದು. ಅದಕ್ಕೆ ಬೇಕಾದುದು ಸರಿಯಾದ ನಕ್ಷೆಗಳು ಮತ್ತು ಪ್ರಾಮಾಣಿಕವಾದ ಟಿಪ್ಪಣಿ ಪುಸ್ತಕ.

2011ರ ರಾಷ್ಟ್ರೀಯ ತಯಾರಿಕಾ ನೀತಿಯು ದೇಶದ ಒಟ್ಟು ಉತ್ಪನ್ನದಲ್ಲಿ ತಯಾರಿಕಾ ವಲಯದ ಪಾಲನ್ನು ಕನಿಷ್ಠ ಶೇಕಡ 25ಕ್ಕೆ ಏರಿಸುವ ಗುರಿಯನ್ನು ಹಾಕಿಕೊಂಡಿತ್ತು. ಆ ಗುರಿ ಇನ್ನೂ ದೂರದಲ್ಲಿದೆ. ಅದನ್ನು ತಲಪಿಸುವ ಕೈಗಳು ಇಂದಿನ ಕಾಲೇಜುಗಳ ವರ್ಕ್‌ಷಾಪುಗಳಲ್ಲಿಯೇ ಪಳಗಬೇಕು.

ಬಾಲಾನಗರದ ಕಾರ್ಖಾನೆಯಲ್ಲಿ ಅಂದು ಓಡುತ್ತಿದ್ದ ಯಂತ್ರವನ್ನು ದಿನವೂ ನೋಡುತ್ತಿದ್ದವರು ಹಲವರಿದ್ದಿರಬೇಕು. ಆದರೆ ಅದರ ಚಲನೆಯಲ್ಲಿ ತಾಯಿಯ ತೋಳುನೋವಿಗೆ ಪರಿಹಾರವನ್ನು ಕಂಡವರು ಮಲ್ಲೇಶಂ ಒಬ್ಬರೇ. ಏಕೆಂದರೆ ಸಮಸ್ಯೆಯನ್ನು ಅವರು ಮನೆಯಿಂದಲೇ ಹೊತ್ತು ತಂದಿದ್ದರು. ವಿದ್ಯಾರ್ಥಿಗಳಿಗೆ ಇಂದು ಅವರಿಗಿಲ್ಲದ ಅನುಕೂಲಗಳಿವೆ: ಗ್ರಂಥಾಲಯ, ಗುರುಗಳು, ಯಂತ್ರಗಳು, ಧನಸಹಾಯ. ತಮ್ಮ ಮನೆಯಲ್ಲಿ, ಹೊಲದಲ್ಲಿ, ಬೀದಿಯಲ್ಲಿ ಯಾರ ತೋಳು ನೋಯುತ್ತಿದೆ ಎಂಬುದನ್ನು ನೋಡಿಬಂದು ಆಮೇಲೆ ಲೇತಿನ ಮುಂದೆ ನಿಂತರೆ ಈ ಅನುಕೂಲಗಳು ಸಾರ್ಥಕವಾಗುತ್ತವೆ.